ಮಸೂದೆ ತರುವ ಕಾವಾಡಿ

ಕಾನೂನು ತನಗೆ ತಿಳಿಯದೆಂದು ಹೇಳಿ ತಪ್ಪಿಸಿಕೊಳ್ಳುವ ಅವಕಾಶ ಯಾರಿಗೂ ಇಲ್ಲವೆಂಬುದು ನ್ಯಾಯಸ್ಥಾನಗಳಲ್ಲಿ ಬಹುಕಾಲದಿಂದ ನಡೆದುಬಂದಿರುವ ಮಾತು. ಪ್ರಜೆಯಾದವನು ಓದು ಬಲ್ಲವನಾಗಿರಲಿ, ಬಾರದವನಾಗಿರಲಿ, ನಗರದ ನಡುಬೀದಿಯಲ್ಲಿರಲಿ, ಕಾಡಿನ ಅಂಚಿನಲ್ಲಿರಲಿ, ದೇಶದ ಶಾಸನಗಳೆಲ್ಲ ಅವನ ನಾಲಗೆಯ ತುದಿಯಲ್ಲಿವೆಯೆಂದೇ ನ್ಯಾಯಾಧೀಶರು ಎಣಿಸಿಕೊಳ್ಳಬೇಕು. ವಾಸ್ತವದಲ್ಲಿ ವಿದ್ಯಾವಂತರ ಮನೆಗಳಲ್ಲಿಯೂ ಕಾನೂನೆಂಬುದು ವರ್ತಮಾನಪತ್ರಿಕೆಯ ಒಂದು ಮೂಲೆಯಲ್ಲಿ ಕಂಡು ಮರೆಯಾಗುವ ವಸ್ತು. ಆಸ್ತಿಯ ಪಾಲೋ ತೆರಿಗೆಯೋ ಕಾಲಿಗೆ ತೊಡರಿದಾಗ ಮಾತ್ರ ಅದರ ನೆನಪಾಗುವುದು. ಹಿಂದೆ ಇಂತಹ ಸಂದರ್ಭ ಬಂದಾಗ ಹಳ್ಳಿಯವನು ಶಾನುಭೋಗರ ಜಗಲಿಗೆ ಹೋಗುತ್ತಿದ್ದ. ಪೇಟೆಯವನು ಕಚೇರಿಯ ಮುಂದಿನ ಮರದಡಿಯಲ್ಲಿ ಕುಳಿತ ಅರ್ಜಿ ಬರೆಯುವವನ ಬಳಿಗೆ ಹೋಗುತ್ತಿದ್ದ. ಅವರು ಹೇಳಿದ್ದೇ ಕಾನೂನು. ಅದು ಸರಿಯೋ ತಪ್ಪೋ ಎಂದು ಪರೀಕ್ಷಿಸುವ ಬಗೆ ಕೇಳುವವನಿಗೆ ಇರಲಿಲ್ಲ.

ಈಚಿನ ಕೆಲವು ವರ್ಷಗಳಲ್ಲಿ ಈ ಜಗಲಿಗೆ ಹೊಸಬನೊಬ್ಬ ಬಂದು ಕುಳಿತಿದ್ದಾನೆ. ಕೃತಕ ಬುದ್ಧಿಯೆಂದು ಅವನ ಹೆಸರು. ಕೇಳಿದ ಪ್ರಶ್ನೆಗೆ, ಕೇಳಿದ ಭಾಷೆಯಲ್ಲಿ, ಹಗಲು ರಾತ್ರಿಯೆನ್ನದೆ ಉತ್ತರ ಹೇಳುವ ಈ ಯಂತ್ರವು ಮೊದಮೊದಲು ತಾನು ಓದಿ ನೆನಪಿಟ್ಟುಕೊಂಡ ಮಾತುಗಳಿಂದಲೇ ಉತ್ತರವನ್ನು ಹೆಣೆಯುತ್ತಿತ್ತು. ಈಗ ಅದಕ್ಕೆ ಕೈಕಾಲುಗಳು ಬಂದಿವೆ. ಒಡೆಯನ ಪರವಾಗಿ ಹೋಗಿ ಕೆಲಸ ಮಾಡಿಕೊಂಡು ಬರುವ ಅದರ ಈ ರೂಪವನ್ನು ಏಜೆಂಟು ಎಂದು ಕರೆಯುತ್ತಾರೆ. ಆದರೆ ಏಜೆಂಟಿಗೆ ಒಂದೊಂದು ಕೆಲಸಕ್ಕೂ ಒಂದೊಂದು ಉಪಕರಣ ಬೇಕು. ಯಾವ ಉಪಕರಣವನ್ನು ಹೇಗೆ ಕರೆಯಬೇಕು, ಅದು ತಂದದ್ದನ್ನು ಹೇಗೆ ಪಡೆಯಬೇಕು ಎಂಬುದಕ್ಕೆ ೨೦೨೪ನೆಯ ನವೆಂಬರಿನಲ್ಲಿ ಅಮೆರಿಕದ ಆಂಥ್ರೊಪಿಕ್ ಸಂಸ್ಥೆಯು ‘ಮಾಡೆಲ್ ಕಾಂಟೆಕ್ಸ್ಟ್ ಪ್ರೋಟೊಕಾಲ್’ ಎಂಬ ಸಾಮಾನ್ಯ ಕಟ್ಟಳೆಯೊಂದನ್ನು ಪ್ರಕಟಿಸಿತು. ಅಂದಿನಿಂದ ಹುಟ್ಟಿಕೊಂಡ ಅನೇಕ ಉಪಕರಣಗಳಲ್ಲಿ ಪಾರ್ಲಿಮೆಂಟಿನ ಮಸೂದೆಗಳನ್ನು ಹುಡುಕಿ ತರುವುದೂ ಒಂದು ಬಗೆ. ಬ್ರಿಟನ್ನಿನ ಪಾರ್ಲಿಮೆಂಟು, ಅಮೆರಿಕದ ಕಾಂಗ್ರೆಸ್ಸು ಇವುಗಳು ತಮ್ಮ ಮಸೂದೆಗಳ ವಿವರವನ್ನು ಯಂತ್ರಗಳು ನೇರವಾಗಿ ಓದಬಲ್ಲ ರೂಪದಲ್ಲಿ ತೆರೆದಿಟ್ಟಿರುವುದರಿಂದ ಅಲ್ಲಿ ಈ ಕೆಲಸ ಸುಲಭ. ಭಾರತದಲ್ಲಿ ಡಿಜಿಟಲ್ ಸಂಸದ್ ಎಂಬ ಜಾಲತಾಣದಲ್ಲಿ ಮಸೂದೆಗಳೂ, ಇಂಡಿಯಾ ಕೋಡ್ ಎಂಬಲ್ಲಿ ಶಾಸನಗಳೂ ದೊರೆಯುತ್ತವೆ.

ಈ ಏರ್ಪಾಟು ಹೇಗೆ ನಡೆಯುತ್ತದೆಂಬುದನ್ನು ತಿಳಿಯಲು ಕೊಡಗಿನ ದುಬಾರೆಗಿಂತ ಒಳ್ಳೆಯ ಸ್ಥಳವಿಲ್ಲ. ಕುಶಾಲನಗರದಿಂದ ಸುಮಾರು ೧೫ ಕಿಲೋಮೀಟರು ದೂರದಲ್ಲಿ, ನಂಜರಾಯಪಟ್ಟಣದ ಬಳಿ, ಕಾವೇರಿಯ ದಂಡೆಯ ಮೇಲೆ ಅರಣ್ಯ ಇಲಾಖೆಯ ಆನೆಯ ಶಿಬಿರವಿದೆ. ಮೈಸೂರಿನ ದಸರೆಗೆ ಹೋಗುವ ಆನೆಗಳಲ್ಲಿ ಇಲ್ಲಿಯವೂ ಇರುತ್ತವೆ. ಒಂದೊಂದು ಆನೆಗೂ ಮಾವುತನೊಬ್ಬ, ಕಾವಾಡಿಯೊಬ್ಬ. ಮೇಲೆ ಕುಳಿತು ನಡೆಸುವವನು ಮಾವುತ; ಮೇವು ತಂದು ಆರೈಕೆ ಮಾಡುವವನು ಕಾವಾಡಿ. ಕೃತಕ ಬುದ್ಧಿಯನ್ನು ಆನೆಯೆನ್ನುವುದಾದರೆ ಪ್ರಶ್ನೆ ಕೇಳುವ ಮನುಷ್ಯನು ಮಾವುತನು, ಹುಡುಕುವ ಉಪಕರಣವು ಕಾವಾಡಿ. ಆನೆಯ ಬಲವನ್ನು ನೋಡಲು ಜನ ನೆರೆಯುತ್ತಾರೆ. ಕಾವಾಡಿಯ ಕಡೆಗೆ ಯಾರೂ ತಿರುಗಿ ನೋಡುವುದಿಲ್ಲ. ಆದರೆ ಹಳಸಿದ ಮೇವನ್ನು ತಂದು ಹಾಕಿದರೆ ಎಂತಹ ಆನೆಯೂ ಮಲಗೀತು.

ಮಸೂದೆಯೆಂಬ ಮೇವು ಬಹು ಬೇಗ ಹಳಸತಕ್ಕದ್ದು. ಕೂಸು ಹುಟ್ಟುವ ಮುನ್ನವೇ ಕುಲಾವಿ ಹೊಲಿಯುವುದನ್ನು ಕುರಿತು ಗಾದೆಯಿದೆಯಷ್ಟೆ. ಮಸೂದೆಯೂ ಅಂತಹ ಕುಲಾವಿಯೇ. ಹುಟ್ಟುವ ಶಾಸನದ ಅಳತೆಯನ್ನು ಊಹಿಸಿ ಹೊಲಿದದ್ದು. ಆಮೇಲೆ ಬಿಚ್ಚುವುದೂ ಕೂಡಿಸುವುದೂ ಉಂಟು. ಎಷ್ಟೋ ವೇಳೆ ಕೂಸು ಹುಟ್ಟುವುದೇ ಇಲ್ಲ. ಲೋಕಸಭೆ ವಿಸರ್ಜನೆಯಾದರೆ ಅಲ್ಲಿ ಉಳಿದಿದ್ದ ಮಸೂದೆಗಳು ಬಿದ್ದುಹೋಗುತ್ತವೆ. ಮಂತ್ರಿಗಳಲ್ಲದ ಸದಸ್ಯರು ತಂದ ಮಸೂದೆಗಳಲ್ಲಿ ಸ್ವಾತಂತ್ರ್ಯ ಬಂದಂದಿನಿಂದ ಎರಡು ಸಭೆಗಳನ್ನೂ ದಾಟಿದವು ೧೪ ಮಾತ್ರ, ಕೊನೆಯದು ೧೯೭೦ರಲ್ಲಿ. ಹೀಗಿರುವಾಗ ಮಸೂದೆಯ ಪಾಠವನ್ನು ಮಾತ್ರ ತಂದುಕೊಟ್ಟು ಅದರ ಅವಸ್ಥೆಯನ್ನು ಹೇಳದ ಉಪಕರಣವು ಅರ್ಧ ಕೆಲಸ ಮಾಡಿದಂತೆಯೂ ಅಲ್ಲ. ಕೆಲವು ವೇಳೆ ಕೆಡುಕನ್ನೇ ಮಾಡಿದಂತೆ.

ದುಬಾರೆಯ ಜನಕ್ಕೆ ಸಂಬಂಧಪಟ್ಟ ಒಂದು ಮಸೂದೆಯ ಕಥೆಯಿಂದ ಇದು ವಿಶದವಾಗುವುದು. ಶಿಬಿರದ ಆನೆಗಳನ್ನು ನೋಡಿಕೊಳ್ಳುವವರಲ್ಲಿ ಬಹುಮಂದಿ ಜೇನುಕುರುಬರು. ಅತಿ ದುರ್ಬಲ ಬುಡಕಟ್ಟುಗಳೆಂದು ಕರ್ನಾಟಕದಲ್ಲಿ ಗುರುತಿಸಿರುವ ಎರಡರಲ್ಲಿ ಅವರದೊಂದು, ಇನ್ನೊಂದು ಕೊರಗರದು. ತಲೆತಲಾಂತರದಿಂದ ಕಾಡಿನಲ್ಲಿದ್ದರೂ ಕಾಡಿನ ನೆಲದ ಮೇಲೆ ಕಾಗದದ ಹಕ್ಕಿಲ್ಲದ ಇಂತಹ ಜನಕ್ಕಾಗಿ ೨೦೦೫ನೆಯ ಡಿಸೆಂಬರ್ ೧೩ರಂದು ಲೋಕಸಭೆಯಲ್ಲಿ ಅರಣ್ಯ ಹಕ್ಕುಗಳ ಮಸೂದೆಯೊಂದು ಮಂಡಿತವಾಯಿತು. ಅದರ ಹೆಸರಿನಲ್ಲಿದ್ದುದು ಅನುಸೂಚಿತ ಬುಡಕಟ್ಟುಗಳು ಮಾತ್ರ. ೧೯೮೦ನೆಯ ಅಕ್ಟೋಬರ್ ೨೫ಕ್ಕೆ ಮುಂಚೆ ನೆಲದ ಮೇಲಿದ್ದವರಿಗೆ ಮಾತ್ರ ಹಕ್ಕು. ಅದೂ ಕುಟುಂಬಕ್ಕೆ ಎರಡೂವರೆ ಹೆಕ್ಟೇರು ಮೀರದಂತೆ. ಮಸೂದೆಯು ಕಿಶೋರ್ ಚಂದ್ರ ದೇವ್ ಅವರ ಅಧ್ಯಕ್ಷತೆಯ ಸಂಯುಕ್ತ ಸಮಿತಿಗೆ ಹೋಯಿತು. ಆದಿವಾಸಿ ಸಂಘಟನೆಗಳು ದೇಶದ ನಾನಾ ಕಡೆಗಳಿಂದ ತಮ್ಮ ಅಹವಾಲುಗಳನ್ನು ಮುಂದಿಟ್ಟವು. ೨೦೦೬ನೆಯ ಮೇ ತಿಂಗಳಲ್ಲಿ ಸಮಿತಿಯ ವರದಿ ಬಂದಿತು. ಅದೇ ಡಿಸೆಂಬರಿನಲ್ಲಿ ಎರಡು ಸಭೆಗಳೂ ಒಪ್ಪಿಗೆಯಿತ್ತವು. ೨೯ರಂದು ರಾಷ್ಟ್ರಪತಿಗಳ ಅಂಕಿತವಾಯಿತು. ಹೊರಬಂದ ಶಾಸನದಲ್ಲಿ ಇತರ ಪಾರಂಪರಿಕ ಅರಣ್ಯವಾಸಿಗಳ ಹೆಸರೂ ಸೇರಿತ್ತು. ಭೂಮಿಯ ಮಿತಿ ನಾಲ್ಕು ಹೆಕ್ಟೇರಿಗೆ ಏರಿತ್ತು. ಕಾಲದ ಗೆರೆಯು ೧೯೮೦ನ್ನು ಬಿಟ್ಟು ೨೦೦೫ನೆಯ ಡಿಸೆಂಬರ್ ೧೩ಕ್ಕೆ, ಎಂದರೆ ಮಸೂದೆಯು ಹುಟ್ಟಿದ ದಿನಕ್ಕೇ, ಸರಿದಿತ್ತು. ತಲೆಮಾರೆಂದರೆ ೨೫ ವರ್ಷವೆಂದು ಶಾಸನವೇ ಇನ್ನೊಂದೆಡೆ ಹೇಳುತ್ತದೆ. ಆ ಲೆಕ್ಕದಂತೆ ಮಸೂದೆಗೂ ಶಾಸನಕ್ಕೂ ನಡುವೆ ಬಿದ್ದ ಅಂತರ ತುಂಬಿದ ಒಂದು ತಲೆಮಾರು.

ಈಗ ಹಾಡಿಯ ಮುದುಕನೊಬ್ಬನನ್ನು ಕಲ್ಪಿಸಿಕೊಳ್ಳಬಹುದು. ಆಯುಷ್ಯವನ್ನೆಲ್ಲ ಆನೆಯೊಂದಿಗೆ ಕಳೆದವನು. ಮೊಮ್ಮಗಳು ಕುಶಾಲನಗರದ ಕಾಲೇಜಿನಲ್ಲಿ ಓದುತ್ತಿರುವವಳು.

“ಮಗಾ, ನಿನ್ನಪ್ಪ ಆ ಗುಡಿಸಲು ಹಾಕಿ ನೆಲ ಅಗೆದದ್ದು ನೀನು ಹುಟ್ಟುವುದಕ್ಕೆ ಮುಂಚೆ. ಆ ಜಾಗ ಅವನಿಗೆ ಆಗುತ್ತದೋ ಇಲ್ಲವೋ, ನಿನ್ನ ಫೋನನ್ನು ಕೇಳಿ ನೋಡು.”

“ಯಾವ ವರ್ಷ, ಅಜ್ಜ?”

“ವರ್ಷವನ್ನು ಯಾರು ಬರೆದಿಟ್ಟಿದ್ದಾರೆ? ಹೊಳೆ ತುಂಬಿ ದೊಡ್ಡ ಮರವೆಲ್ಲ ಕೊಚ್ಚಿಕೊಂಡು ಹೋಯಿತಲ್ಲ, ಅದರ ಮಾರನೆಯ ವರ್ಷ.”

“ಹಾಗೆ ಹೇಳಿದರೆ ಇದಕ್ಕೆ ತಿಳಿಯುವುದಿಲ್ಲ ಅಜ್ಜ. ಅಪ್ಪನ ಮದುವೆಗೆ ಮುಂಚೆಯೋ ಆಮೇಲೋ?”

“ಮದುವೆಯಾದ ಮೇಲೆ.”

ಹುಡುಗಿ ಬೆರಳು ಮಡಿಸಿ ೧೯೯೧ ಎಂದು ಗೊತ್ತುಮಾಡಿ ಪ್ರಶ್ನೆಯನ್ನು ಕನ್ನಡದಲ್ಲಿಯೇ ಬರೆಯುವಳು. ಏಜೆಂಟು ಉಪಕರಣವನ್ನು ಕರೆಯುವುದು. ಉಪಕರಣವು ಅರಣ್ಯ, ಹಕ್ಕು, ಬುಡಕಟ್ಟು ಎಂಬ ಮಾತುಗಳನ್ನು ಇಂಗ್ಲಿಷಿಗೆ ಮಾಡಿಕೊಂಡು ಮಸೂದೆಗಳ ಪಟ್ಟಿಯಲ್ಲಿ ಹುಡುಕುವುದು. ಪಟ್ಟಿಯಲ್ಲಿ ಮೊದಲು ಸಿಕ್ಕಿದ್ದು ೨೦೦೫ರ ಡಿಸೆಂಬರಿನಲ್ಲಿ ಮಂಡಿಸಿದ ಪಾಠವಾದರೆ ಉತ್ತರ ಏನಾಗುವುದು? ‘೧೯೮೦ಕ್ಕೆ ಮುಂಚೆ ಇದ್ದವರಿಗೆ ಮಾತ್ರ, ನಿಮ್ಮ ತಂದೆಯವರಿಗೆ ಹಕ್ಕಿಲ್ಲ.’ ಕಾಗದ ಸುಳ್ಳಲ್ಲ; ಪಾರ್ಲಿಮೆಂಟಿನ ಮುದ್ರೆಯುಳ್ಳದ್ದೇ. ಓದಿದ್ದರಲ್ಲಿಯೂ ತಪ್ಪಿಲ್ಲ. ಆದರೂ ಉತ್ತರ ಪೂರ್ತಿಯಾಗಿ ತಪ್ಪು. ಶಾಸನದ ಪ್ರಕಾರ ೧೯೯೧ರಿಂದ ಕಾಡಿನ ನೆಲದಲ್ಲಿ ವಾಸವಾಗಿದ್ದು ಅದನ್ನೇ ನಂಬಿ ಬದುಕಿದ ಬುಡಕಟ್ಟಿನ ಕುಟುಂಬವು ಹಕ್ಕನ್ನು ಕೇಳಬಹುದು. ಇಲ್ಲವೆಂಬ ಮಾತನ್ನು ಕೇಳಿ ಮುದುಕನು ಸುಮ್ಮನಾದರೆ ಅವನ ಮೌನವನ್ನು ಯಾವ ಕೋರ್ಟೂ ಪರಿಶೀಲಿಸುವುದಿಲ್ಲ.

ಅಂಧಗಜನ್ಯಾಯವನ್ನು ಹಿರಿಯರು ಯಾವ ಸಂದರ್ಭಕ್ಕಾಗಿ ಹೇಳಿದರೋ, ಈ ಉಪಕರಣಗಳಿಗೆ ಅದು ಅಳತೆ ಮಾಡಿ ಹೊಲಿದಂತಿದೆ. ಉದ್ದವಾದ ಮಸೂದೆಯನ್ನು ಅವು ತುಣುಕು ತುಣುಕಾಗಿ ಕತ್ತರಿಸಿಟ್ಟು ಪ್ರಶ್ನೆಗೆ ಹತ್ತಿರವೆಂದು ತೋರಿದ ತುಣುಕನ್ನು ಎತ್ತಿಕೊಡುವುದೇ ಹೆಚ್ಚು. ಕಾಲನ್ನು ಮುಟ್ಟಿದವನಿಗೆ ೧೯೮೦, ಸೊಂಡಿಲನ್ನು ಮುಟ್ಟಿದವನಿಗೆ ೨೦೦೫. ಹೆಸರು ಮತ್ತು ಸಂಖ್ಯೆಗಳಲ್ಲಿಯೂ ತೊಡಕುಂಟು. ಈ ಶಾಸನದ ಹೆಸರಿನಲ್ಲಿರುವ ವರ್ಷ ೨೦೦೬. ಅದರ ಸಂಖ್ಯೆ ೨೦೦೭ರ ೨. ಅದು ಜಾರಿಗೆ ಬಂದದ್ದು ೨೦೦೭ನೆಯ ಡಿಸೆಂಬರ್ ೩೧ರಂದು. ಮನುಷ್ಯರಿಗೆ ಒದಗಿದ ಈ ಪಾಡು ಆನೆಗಳಿಗೂ ತಪ್ಪಿಲ್ಲ. ವನ್ಯಜೀವಿ ಸಂರಕ್ಷಣೆಯ ತಿದ್ದುಪಡಿ ಮಸೂದೆಯು ೨೦೨೧ನೆಯ ಡಿಸೆಂಬರಿನಲ್ಲಿ ಮಂಡಿತವಾದಾಗ, ಒಡೆತನದ ಪತ್ರವುಳ್ಳವರು ಆನೆಯನ್ನು ಸಾಗಿಸುವುದಕ್ಕೆ ರಾಜ್ಯಸರಕಾರದ ಪೂರ್ವಾನುಮತಿ ಬೇಕೆಂಬ ಮಾತು ಅದರಲ್ಲಿತ್ತು. ೨೦೨೨ರ ಹೆಸರಿನಿಂದ ಶಾಸನವಾಗಿ ೨೦೨೩ನೆಯ ಏಪ್ರಿಲ್ ೧ರಿಂದ ಜಾರಿಗೆ ಬರುವ ಹೊತ್ತಿಗೆ ಆ ಮಾತು ಬದಲಾಗಿ, ಧಾರ್ಮಿಕ ಅಥವಾ ಇತರ ಉದ್ದೇಶಕ್ಕಾಗಿ ಕೇಂದ್ರಸರಕಾರದ ನಿಯಮಗಳಿಗೆ ಒಳಪಟ್ಟು ಸಾಗಿಸಬಹುದೆಂದಾಯಿತು. ಆ ನಿಯಮಗಳು ಹೊರಬಂದದ್ದು ೨೦೨೪ನೆಯ ಮಾರ್ಚಿನಲ್ಲಿ. ೨೦೨೧ರ ಕಾಗದವನ್ನು ಹಿಡಿದುಕೊಂಡವನಿಗೆ ಇವೊಂದೂ ಕಾಣುವುದಿಲ್ಲ.

ನಿಯಮಗಳ ಮಾತು ಬಂದುದರಿಂದ ಇನ್ನೊಂದು ಸಂಗತಿಯನ್ನು ಇಲ್ಲಿ ಹೇಳಬೇಕಾಗಿದೆ. ಶಾಸನಸಭೆಯು ಮರದ ಬೊಡ್ಡೆಯನ್ನು ಕೊಡುತ್ತದೆ. ಜನ ಹಿಡಿದು ಹತ್ತುವ ಕೊಂಬೆಗಳು ನಿಯಮಗಳಲ್ಲಿರುತ್ತವೆ. ಅರಣ್ಯ ಹಕ್ಕಿನ ನಿಯಮಗಳು ೨೦೦೮ನೆಯ ಜನವರಿ ೧ರಂದು ಬಂದು ೨೦೧೨ರಲ್ಲಿ ತಿದ್ದುಪಡಿಯಾದವು. ಹಕ್ಕನ್ನು ಕೇಳುವ ಅರ್ಜಿಯ ನಮೂನೆ ಅಲ್ಲಿದೆ. ಯಾವುದನ್ನು ಸಾಕ್ಷ್ಯವೆಂದು ಎಣಿಸಬೇಕೆಂಬುದೂ ಅಲ್ಲಿಯೇ ಇದೆ. ಗುಡಿಸಲು, ಬಾವಿ, ಸ್ಮಶಾನ, ದೇವರ ಸ್ಥಳ ಇವೆಲ್ಲ ಸಾಕ್ಷ್ಯಗಳು. ಅರ್ಜಿದಾರನಲ್ಲದ ಹಿರಿಯನು ಹೇಳಿ ಬರೆಯಿಸಿದ ಮಾತೂ ಒಂದು ಸಾಕ್ಷ್ಯ. ಒಂದಕ್ಕಿಂತ ಹೆಚ್ಚು ಬಗೆಯ ಸಾಕ್ಷ್ಯವಿರಬೇಕೆಂಬುದು ಮಾತ್ರ ಕಟ್ಟು. ವರ್ಷವನ್ನು ಯಾರು ಬರೆದಿಟ್ಟಿದ್ದಾರೆಂದು ಕೇಳಿದ ಮುದುಕನಿಗೆ ಇದಕ್ಕಿಂತ ಮುಖ್ಯವಾದ ಸುದ್ದಿಯುಂಟೆ? ಹೊಳೆ ತುಂಬಿದ ವರ್ಷದ ಅವನ ನೆನಪೇ ಮಗನ ಅರ್ಜಿಗೆ ಒಂದು ಆಧಾರ. ಆದರೆ ಮಸೂದೆಗಳನ್ನು ಮಾತ್ರ ಹುಡುಕುವ ಉಪಕರಣಕ್ಕೆ ಈ ಸುದ್ದಿ ಎಂದಿಗೂ ಸಿಕ್ಕದು. ೨೦೧೯ನೆಯ ಫೆಬ್ರವರಿ ೧೩ರಂದು ಸುಪ್ರೀಂ ಕೋರ್ಟು, ಅರ್ಜಿ ತಿರಸ್ಕೃತವಾದವರನ್ನು ಕಾಡಿನಿಂದ ಹೊರಡಿಸುವ ಬಗ್ಗೆ ಆಜ್ಞೆ ಮಾಡಿ, ಅದೇ ತಿಂಗಳ ೨೮ರಂದು ಆ ಆಜ್ಞೆಯನ್ನು ತಡೆಹಿಡಿದುದೂ ಅದಕ್ಕೆ ತಿಳಿಯದು. ಆದುದರಿಂದ ತನ್ನ ಬುಟ್ಟಿಯಲ್ಲಿ ಏನಿದೆಯೆಂಬುದರ ಜೊತೆಗೆ ಏನಿಲ್ಲವೆಂಬುದನ್ನೂ ಹೇಳುವುದು ಒಳ್ಳೆಯ ಕಾವಾಡಿಯ ಲಕ್ಷಣ.

ಬುಟ್ಟಿಗೆ ಸೇರಬೇಕಾದದ್ದು ಯಾವ ಯಾವ ಊರಿನಲ್ಲಿದೆಯೆಂಬುದೂ ಕೊಡಗಿನ ಮಟ್ಟಿಗೆ ಸಣ್ಣ ಪ್ರಶ್ನೆಯಲ್ಲ. ೧೮೯೯ರ ಕೊಡಗಿನ ಭೂಕಂದಾಯದ ಕಟ್ಟಳೆ ಬ್ರಿಟಿಷ್ ಸರಕಾರದ್ದು. ೧೯೨೪ರಲ್ಲಿ ಕೊಡಗಿಗೆ ತನ್ನದೇ ಆದ ಶಾಸನಪರಿಷತ್ತು ಬಂದಿತು. ೧೯೫೨ರಲ್ಲಿ ೨೪ ಸದಸ್ಯರ ವಿಧಾನಸಭೆ ಮಡಿಕೇರಿಯಲ್ಲಿ ಕೂಡಿತು, ಸಿ. ಎಂ. ಪೂಣಚ್ಚನವರು ಮುಖ್ಯಮಂತ್ರಿಗಳಾಗಿದ್ದರು. ೧೯೫೬ನೆಯ ನವೆಂಬರ್ ೧ರಂದು ಕೊಡಗು ಮೈಸೂರು ರಾಜ್ಯಕ್ಕೆ ಸೇರಿತು. ಅಂದಿನಿಂದ ರಾಜ್ಯದ ಮಸೂದೆಗಳು ಬೆಂಗಳೂರಿನವು, ಕೇಂದ್ರದವು ದೆಹಲಿಯವು. ಮೊದಲು ರಾಜ್ಯಗಳ ಪಟ್ಟಿಯಲ್ಲಿದ್ದ ಅರಣ್ಯವು ೧೯೭೬ರ ಸಂವಿಧಾನ ತಿದ್ದುಪಡಿಯಿಂದ ಎರಡು ಸರಕಾರಗಳಿಗೂ ಸೇರಿದ ಪಟ್ಟಿಗೆ ಹೋಯಿತು. ಒಂದೇ ಗುಡ್ಡದ ಮೇಲಿನ ಒಂದೇ ಮರವನ್ನು ಕುರಿತ ಕಾನೂನು ಹೀಗೆ ಮೂರು ನಾಲ್ಕು ಕಡೆ ಹರಡಿಕೊಂಡಿರುವಾಗ, ದೆಹಲಿಯ ಪಟ್ಟಿಯೊಂದನ್ನೇ ನೋಡಿ ‘ಕೊಡಗಿನ ಬಗ್ಗೆ ಇಷ್ಟೇ’ ಎನ್ನುವುದು ಸಾಹಸದ ಮಾತಾಗುವುದು.

ಇಷ್ಟೆಲ್ಲ ದೋಷಗಳನ್ನು ಎಣಿಸಿದ ಮೇಲೆ, ಈ ಉಪಕರಣದ ಸಹವಾಸವೇ ಬೇಡವೆಂದು ಕೆಲವರಿಗೆ ತೋರಬಹುದು. ಕಾಡಿನವರಿಗೆ ದೆಹಲಿಯ ಮಸೂದೆಯೇಕೆ, ತಿಳಿದವರು ನೋಡಿಕೊಳ್ಳುವುದಿಲ್ಲವೇ ಎಂದು ಕೇಳುವ ಸಜ್ಜನರೂ ಇದ್ದಾರೆ. ಆದರೆ ಭಾಷೆಯ ವಿಷಯವನ್ನು ಆಲೋಚಿಸಿದಾಗ ಬೇರೆಯೇ ತೋರುವುದು. ಸಂವಿಧಾನದ ೩೪೮ನೆಯ ಅನುಚ್ಛೇದದಂತೆ ಪಾರ್ಲಿಮೆಂಟಿನ ಮಸೂದೆಯ ಅಧಿಕೃತ ಪಾಠ ಇಂಗ್ಲಿಷಿನದು. ೧೯೬೩ರ ರಾಜಭಾಷಾ ಶಾಸನದಂತೆ ಅದರ ಜೊತೆಗೆ ಹಿಂದಿಯ ಅನುವಾದವಿರಬೇಕು. ಕನ್ನಡಕ್ಕೆ ಅವಕಾಶವಿರುವುದು ೧೯೭೩ರ ಅಧಿಕೃತ ಅನುವಾದಗಳ ಶಾಸನದಲ್ಲಿ; ಆದರೆ ಅದು ಶಾಸನವಾಗಿ ಮುಗಿದದ್ದರ ಅನುವಾದಕ್ಕೆ. ೧೯೬೭ರಲ್ಲಿ ಲೋಕಸಭೆಗೆ ಹೋದ ಜೆ. ಎಚ್. ಪಟೇಲರು ಅಲ್ಲಿ ಕನ್ನಡದಲ್ಲಿ ಮಾತನಾಡಿದ್ದನ್ನು ನಾಡು ಇಂದಿಗೂ ನೆನೆಯುತ್ತದೆ. ಈಗ ಲೋಕಸಭೆಯ ಭಾಷಣಗಳನ್ನು ಆ ಕ್ಷಣದಲ್ಲಿಯೇ ಕನ್ನಡದಲ್ಲಿ ಕೇಳುವ ಏರ್ಪಾಟಾಗಿದೆ. ಕಿವಿಗೆ ಕನ್ನಡ ಬಂದರೂ ಮಸೂದೆಯ ಕಾಗದಕ್ಕೆ ಬಂದಿಲ್ಲ.

ಇದರ ಫಲವೇನೆಂದರೆ, ಮಾತು ಹೇಳಿ ತಿದ್ದಿಸಬಹುದಾದ ಕಾಲದಲ್ಲಿ ಮಸೂದೆಯು ಕನ್ನಡಿಗನ ಕೈಗೆ ಕನ್ನಡದಲ್ಲಿ ಸಿಕ್ಕುವುದಿಲ್ಲ. ಸಿಕ್ಕುವಾಗ ಅದು ತಿದ್ದಲಾಗದ ಶಾಸನವಾಗಿರುತ್ತದೆ. ಮಸೂದೆಗಳನ್ನು ಮಂಡಿಸುವ ಮೊದಲು ಸಾರ್ವಜನಿಕರ ಅಭಿಪ್ರಾಯಕ್ಕೆ ಕನಿಷ್ಠ ೩೦ ದಿನ ಕೊಡಬೇಕೆಂದು ಕೇಂದ್ರಸರಕಾರವು ೨೦೧೪ರಲ್ಲಿ ಗೊತ್ತುಮಾಡಿತು. ಇಂಗ್ಲಿಷು ಬಾರದ ಹಾಡಿಗೆ ೩೦ ದಿನವೂ ಒಂದೇ, ಮೂರು ದಿನವೂ ಒಂದೇ. ತೋಟ, ಹೋಟಲು, ಗಣಿಗಳ ಒಡೆಯರಿಗೆ ಈ ಕಷ್ಟವಿಲ್ಲ. ಅವರ ವಕೀಲರು ಮಂಡನೆಯ ದಿನವೇ ಓದಿ ಮುಗಿಸಿರುತ್ತಾರೆ. ಹಾಡಿಯ ಹುಡುಗಿ ಕನ್ನಡದಲ್ಲಿ ಕೇಳಿ, ‘ಈ ವಾರ ಮಂಡಿತವಾದ ಮಸೂದೆಯಲ್ಲಿ ಕಾಡಿನ ಜನಕ್ಕೆ ಸಂಬಂಧಿಸಿದ ಪ್ರಕರಣ ಇದು, ಇನ್ನೂ ಶಾಸನವಾಗಿಲ್ಲ, ಸಮಿತಿಗೆ ಹೋಗಿದೆ’ ಎಂಬ ಉತ್ತರವನ್ನು ಅದೇ ವಾರ ಪಡೆಯಬಲ್ಲಳಾದರೆ, ಆ ತೋಟದ ಒಡೆಯರಿಗಿರುವ ಕಾಲಾವಕಾಶದಲ್ಲಿ ಅವಳಿಗೂ ಪಾಲು ಸಿಕ್ಕಿದಂತಾಗುವುದು. ಉಪಕರಣದ ನಿಜವಾದ ಬೆಲೆ ಇಲ್ಲಿದೆ. ೧೯೮೦ರ ಗೆರೆ ೨೦೦೫ಕ್ಕೆ ಸರಿದದ್ದು ಮಸೂದೆ ಇನ್ನೂ ಮಸೂದೆಯಾಗಿದ್ದ ಹನ್ನೆರಡು ತಿಂಗಳುಗಳಲ್ಲಿ. ಅಂದು ಸುದ್ದಿ ತಿಳಿದ ಜನರಿದ್ದುದರಿಂದ ಅದು ಸಾಧ್ಯವಾಯಿತು.

ಇಂತಹ ನಂಬಿಕೆಯ ಕೆಲಸಕ್ಕೆ ಉಪಕರಣದಿಂದ ಕೇಳಬೇಕಾದದ್ದು ಬಹಳವಿಲ್ಲ. ತಂದ ಪ್ರತಿಯೊಂದು ಕಾಗದಕ್ಕೂ ಅದು ಯಾವ ಸಭೆಯದು, ಯಾವ ದಿನದ್ದು, ಮಂಡಿಸಿದ ಪಾಠವೋ, ಸಮಿತಿ ತಿದ್ದಿದ್ದೋ, ಎರಡು ಸಭೆಗಳೂ ಒಪ್ಪಿದ್ದೋ, ಶಾಸನವಾಯಿತೋ, ಬಿದ್ದುಹೋಯಿತೋ ಎಂಬ ಗುರುತು ಇರಬೇಕು. ಹೆಸರು ಬದಲಾಗಿದ್ದರೆ ಹಳೆಯದಕ್ಕೂ ಹೊಸದಕ್ಕೂ ಗಂಟು ಹಾಕಿರಬೇಕು. ಮೂಲಪಾಠ ಎಲ್ಲಿದೆಯೆಂಬುದನ್ನು ತೋರಿಸಬೇಕು. ಸಿಕ್ಕದಿದ್ದರೆ ಸಿಕ್ಕಲಿಲ್ಲವೆನ್ನಬೇಕು. ಈ ಕಡೆಯ ಮಾತು ಬಹು ಮುಖ್ಯವಾದದ್ದು. ಕಾಗದ ಸಿಕ್ಕದಾಗ ಯಂತ್ರವು ತಾನೇ ಒಂದನ್ನು ಕಟ್ಟಿಬಿಡುವುದುಂಟು. ೨೦೨೩ನೆಯ ಜೂನಿನಲ್ಲಿ ನ್ಯೂಯಾರ್ಕಿನ ಕೋರ್ಟೊಂದು, ಯಂತ್ರವು ಕಲ್ಪಿಸಿಕೊಟ್ಟ, ಎಂದೂ ನಡೆಯದ ಮೊಕದ್ದಮೆಗಳನ್ನು ನಿಜವೆಂದು ಮುಂದಿಟ್ಟ ಇಬ್ಬರು ವಕೀಲರಿಗೂ ಅವರ ಸಂಸ್ಥೆಗೂ ೫,೦೦೦ ಡಾಲರ್ ದಂಡ ವಿಧಿಸಿತು. ಅಲ್ಲಿ ಎದುರುಪಕ್ಷದ ವಕೀಲರು ಹುಡುಕಿ ನೋಡಿದ್ದರಿಂದ ಸುಳ್ಳು ಹೊರಬಿದ್ದಿತು. ಹಾಡಿಯಲ್ಲಿ ಎದುರುಪಕ್ಷದ ವಕೀಲರಿರುವುದಿಲ್ಲ.

ಆದರೆ ಹಾಡಿಯಲ್ಲಿ ಇನ್ನೊಂದಿದೆ. ಅರಣ್ಯ ಹಕ್ಕಿನ ಶಾಸನದ ಆರನೆಯ ಪ್ರಕರಣದಂತೆ ಹಕ್ಕಿನ ವಿಚಾರಣೆ ಪ್ರಾರಂಭವಾಗತಕ್ಕದ್ದು ಗ್ರಾಮಸಭೆಯಲ್ಲಿ. ಅದರ ನಿರ್ಣಯದಿಂದ ನೊಂದವನು ೬೦ ದಿನಗಳೊಳಗೆ ಉಪವಿಭಾಗದ ಸಮಿತಿಗೆ ಹೋಗಬಹುದು. ಅದೇ ಶಾಸನವು ಕಿರು ಅರಣ್ಯ ಉತ್ಪನ್ನಗಳನ್ನು ಎಣಿಸುವಾಗ ಬಿದಿರು, ಬೆತ್ತಗಳ ಜೊತೆಗೆ ಜೇನನ್ನೂ ಮೇಣವನ್ನೂ ಹೆಸರಿಸಿ ಹೇಳಿದೆ. ಕುಲದ ಹೆಸರಿನಲ್ಲಿಯೇ ಜೇನನ್ನು ಹೊತ್ತವರಿಗೆ, ತಮ್ಮ ಕಸುಬು ಪಾರ್ಲಿಮೆಂಟಿನ ಕಾಗದದಲ್ಲಿ ಹಕ್ಕಾಗಿ ಕುಳಿತಿದೆಯೆಂಬುದು ತಿಳಿಯುವುದು ಬೇಡವೇ? ಉಪಕರಣವು ತಂದ ಪ್ರಕರಣವನ್ನು, ಅದರ ತಾರೀಖು ಮತ್ತು ಅವಸ್ಥೆಗಳೊಡನೆ, ಹುಡುಗಿಯೊಬ್ಬಳು ಗ್ರಾಮಸಭೆಯಲ್ಲಿ ಗಟ್ಟಿಯಾಗಿ ಓದಬಹುದು. ಕುಳಿತವರು ಕೇಳಿ ಪ್ರಶ್ನೆ ಹಾಕಬಹುದು. ಅನುಮಾನ ಬಂದರೆ ಮೂಲಪಾಠವನ್ನು ತೆಗೆಸಿ ನೋಡಬಹುದು. ಶಾನುಭೋಗರ ಜಗಲಿಯಲ್ಲಿ ದೊರ�ೆಯದಿದ್ದ ಅನುಕೂಲ ಇದು. ಇಷ್ಟಾದ ಮೇಲೆ, ಹೊಳೆ ತುಂಬಿದ್ದು ಯಾವ ವರ್ಷವೆಂಬುದನ್ನು ಹಿರಿಯರು ಹೇಳಬೇಕು, ಯಾರಾದರೂ ಅದನ್ನು ಬರೆದುಕೊಳ್ಳಬೇಕು. ಆ ಕೆಲಸವನ್ನು ಯಾವ ಉಪಕರಣವೂ ಮಾಡಿಕೊಡಲಾರದು.